ಪಿನ್ನು, ಹತ್ತಿ ಮತ್ತು ಎಂಆರ್‌ಐ

ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಪರೀಕ್ಷಿಸಲು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮುಖ್ಯ ಸಲಕರಣೆಗಳು ಎರಡೇ: ಒಂದು ಸೇಫ್ಟಿ ಪಿನ್ನು ಮತ್ತು ಒಂದೆಳೆ ಹತ್ತಿ. ತಲೆಯ ಹಿಂಬದಿಯಿಂದ ತೊಡಗಿ ಗುದದ್ವಾರದ ಅಂಚಿನವರೆಗೆ, ದೇಹದ ಒಂದೊಂದು ಪಕ್ಕದಲ್ಲೂ ಗೊತ್ತುಪಡಿಸಿದ 28 ಜಾಗಗಳನ್ನು ಮೊದಲು ಹತ್ತಿಯಿಂದ ಸವರಿ, ಮತ್ತೆ ಪಿನ್ನಿನಿಂದ ಮೆಲ್ಲನೆ ಚುಚ್ಚಿ, ಗೊತ್ತಾಗುತ್ತದೆಯೇ, ಕೆನ್ನೆಗೆ ಮುಟ್ಟಿದಾಗ ಆದ ಹಾಗೆಯೇ ಆಗುತ್ತದೆಯೇ, ಚೂಪೋ ಮೊಂಡೋ ಎಂದು ಕೇಳುತ್ತಾ ಹೋಗಬೇಕು. ಏನೂ ಗೊತ್ತಾಗದಿದ್ದರೆ ಸೊನ್ನೆ, ವ್ಯತ್ಯಾಸವಿದ್ದರೆ ಒಂದು, ಸರಿಯಾಗಿದ್ದರೆ ಎರಡು. ಕೈಕಾಲುಗಳಲ್ಲಿ ಪಕ್ಕಕ್ಕೆ 10ರಂತೆ ಆಯ್ದ ಸ್ನಾಯುಗಳ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಕೊನೆಗೆ ಗುದದ್ವಾರದ ಒಳಗಿನ ಪರೀಕ್ಷೆ. ಇದೆಲ್ಲ ಮುಗಿದ ಮೇಲೆ ರೋಗಿಗೆ 'ಎ'ಯಿಂದ 'ಇ'ಯವರೆಗಿನ ಒಂದು ದರ್ಜೆ ಸಿಗುತ್ತದೆ. 'ಎ' ಎಂದರೆ ಬೆನ್ನುಹುರಿಯ ತುತ್ತತುದಿಯ ಭಾಗದಲ್ಲಿ, ಅಂದರೆ ಗುದದ್ವಾರದ ಬಳಿ, ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. 'ಇ' ಎಂದರೆ ಎಲ್ಲವೂ ಸಹಜ. ಮುಂದೆ ನಡೆಯುವ ಸಾಧ್ಯತೆ, ಕೊಡಬೇಕಾದ ವ್ಯಾಯಾಮ, ಕೊಳ್ಳಬೇಕಾದ ಗಾಲಿಕುರ್ಚಿ, ಮನೆಯ ಹೊಸ್ತಿಲು ಕಡಿಯಬೇಕೋ ಬೇಡವೋ ಎಂಬುದರವರೆಗೆ ಎಷ್ಟೋ ತೀರ್ಮಾನಗಳು ಈ ಒಂದು ಅಕ್ಷರವನ್ನು ನೆಚ್ಚಿಕೊಂಡಿವೆ.

ನಾನು ಉಡುಪಿಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವವಳು. ಅದಕ್ಕೂ ಮೊದಲು ಕೆಲವು ವರ್ಷ ಮಂಗಳೂರಿನಲ್ಲಿದ್ದೆ. ಈ ಪರೀಕ್ಷೆಯನ್ನು ದೊಡ್ಡವರ ಮೇಲೆ ಮಾಡುವಾಗ ನನಗಿರುವ ಧೈರ್ಯ ಐದು ವರ್ಷದ ಮಗುವಿನ ಮುಂದೆ ಕುಳಿತಾಗ ಉಳಿಯುವುದಿಲ್ಲ. ಮಗು ಮೊದಲ ನಾಲ್ಕೈದು ಜಾಗಗಳಿಗೆ ಸರಿಯಾಗಿಯೇ ಉತ್ತರ ಹೇಳುತ್ತದೆ. ಆಮೇಲೆ ಪಿನ್ನನ್ನು ನೋಡಿ ತುಟಿ ನಡುಗಲು ಶುರುವಾಗುತ್ತದೆ. ಕಣ್ಣು ಮುಚ್ಚಿಕೋ ಎಂದರೆ ರೆಪ್ಪೆಯ ಸಂದಿಯಿಂದ ಇಣುಕುತ್ತದೆ. ಕಾಲಿನ ಹೆಬ್ಬೆರಳನ್ನು ಮುಟ್ಟಿ ಗೊತ್ತಾಯಿತೇ ಎಂದು ಕೇಳಿದರೆ, ಅದು ಉತ್ತರಕ್ಕಾಗಿ ನೋಡುವುದು ತನ್ನ ಕಾಲನ್ನಲ್ಲ, ಅಮ್ಮನ ಮುಖವನ್ನು. ಅಮ್ಮನ ಮುಖದಲ್ಲಿ ಆಸೆ ಕಂಡರೆ 'ಹೂಂ' ಎನ್ನುತ್ತದೆ. ಹತ್ತು ನಿಮಿಷ ಬಿಟ್ಟು ಅದೇ ಜಾಗವನ್ನು ಮುಟ್ಟಿದರೆ 'ಇಲ್ಲ' ಎನ್ನುವುದೂ ಉಂಟು. ನಮ್ಮ ಕಡೆ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುವ ಮಗುವಿಗೆ ಶಾಲೆಯ ಕನ್ನಡದಲ್ಲಿ ಪ್ರಶ್ನೆ ಕೇಳಿ, ಅದರ ಅಜ್ಜಿ ಅದನ್ನು ಮನೆಮಾತಿಗೆ ತಿರುಗಿಸಿ ಹೇಳುವಷ್ಟರಲ್ಲಿ ಚೂಪು ಮೊಂಡುಗಳ ನಡುವಿನ ಗೆರೆ ಎಲ್ಲಿ ಹೋಯಿತೆಂದು ನನಗೇ ತಿಳಿಯುವುದಿಲ್ಲ. ಗುದದ್ವಾರದ ಪರೀಕ್ಷೆಯ ಮಾತಂತೂ ಬೇಡ. ದರ್ಜೆಯ ನಿರ್ಣಯಕ್ಕೆ ಅತ್ಯಗತ್ಯವಾದ ಭಾಗವೇ ಮಗುವಿಗೆ ಅತ್ಯಂತ ಹಿಂಸೆ ಕೊಡುವ ಭಾಗವೂ ಆಗಿದೆ.

ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಂ. ಜೆ. ಮಲ್ಕೇಹಿ ಮತ್ತು ಸಂಗಡಿಗರು ಈ ಪರೀಕ್ಷೆ ಮಕ್ಕಳಲ್ಲಿ ಎಷ್ಟು ನಂಬಲರ್ಹ ಎಂಬುದನ್ನು ವರ್ಷಗಟ್ಟಲೆ ಪರಿಶೀಲಿಸಿದ್ದಾರೆ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳು ಇದನ್ನು ಪೂರೈಸಲಾರರು, ಅವರಿಗಿಂತ ತುಸು ದೊಡ್ಡವರಲ್ಲೂ ಉತ್ತರಗಳು ಏರುಪೇರಾಗುತ್ತವೆ, ಪಿನ್ನಿನ ಭಯ ಇನ್ನೂ ದೊಡ್ಡ ಮಕ್ಕಳನ್ನೂ ಕಾಡುತ್ತದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಹಾಗಿದ್ದರೆ ಉತ್ತರ ಹೇಳಲಾರದ ವಯಸ್ಸಿನ ಮಗುವಿನ ಬೆನ್ನುಹುರಿಯಲ್ಲಿ ಏನು ಉಳಿದಿದೆ ಎಂದು ತಿಳಿಯುವುದು ಹೇಗೆ? ಅದೇ ಊರಿನಲ್ಲಿ, ಅವರ ಜೊತೆಗೂಡಿ, ಫಿರೋಜ್ ಮೊಹಮ್ಮದ್ ಮತ್ತಿತರ ಎಂಆರ್‌ಐ ಸಂಶೋಧಕರು ಮಕ್ಕಳ ಬೆನ್ನುಹುರಿಗೆಂದೇ ಹೊಂದಿಸಿದ ಸ್ಕ್ಯಾನ್ ವಿಧಾನಗಳ ಕಡೆಗೆ ಹೊರಳಿದ್ದಕ್ಕೆ ಹಿನ್ನೆಲೆ ಈ ಪ್ರಶ್ನೆ. ಚೆಂದದ ಚಿತ್ರ ತೆಗೆಯುವುದು ಅವರ ಉದ್ದೇಶವಾಗಿರಲಿಲ್ಲ, ಮಗುವನ್ನು ಪ್ರಶ್ನೆ ಕೇಳದೆಯೇ ಪಡೆಯಬಹುದಾದ ಒಂದು ಅಳತೆ ಬೇಕಾಗಿತ್ತು ಎಂಬುದನ್ನು ಮರೆತರೆ ಮುಂದಿನದೆಲ್ಲ ಯಂತ್ರದ ವರ್ಣನೆಯಾಗಿಬಿಡುತ್ತದೆ.

ಮಗುವಿನ ಬೆನ್ನುಮೂಳೆ ದೊಡ್ಡವರ ಬೆನ್ನುಮೂಳೆಯ ಚಿಕ್ಕ ಪ್ರತಿಯಲ್ಲ. ದೇಹದ ಅಳತೆಗೆ ಹೋಲಿಸಿದರೆ ತಲೆ ದೊಡ್ಡದು, ಅದನ್ನು ಹೊರುವ ಕತ್ತಿನ ಸ್ನಾಯುಗಳು ಎಳೆಯವು. ಕಶೇರುಗಳನ್ನು, ಅಂದರೆ ಬೆನ್ನುಮೂಳೆಯ ಮಣಿಗಳನ್ನು, ಬಿಗಿದಿರುವ ಕಟ್ಟುಗಳು ಸಡಿಲ, ಒಂದು ಕಶೇರು ಇನ್ನೊಂದರ ಮೇಲೆ ಕೂರುವ ಕೀಲುಗಳು ಹೆಚ್ಚು ಅಡ್ಡವಾಗಿರುವುದರಿಂದ ಅವು ಹಿಂದೆ ಮುಂದೆ ಜಾರಬಲ್ಲವು. ಕತ್ತು ಬಾಗುವ ತಿರುಗಣೆ ಬಿಂದು ಎಳೆಯ ಮಕ್ಕಳಲ್ಲಿ ಎರಡು ಮತ್ತು ಮೂರನೆಯ ಕಶೇರುಗಳ ಬಳಿ ಇರುತ್ತದೆ, ದೊಡ್ಡವರಾಗುತ್ತಾ ಅದು ಐದು ಆರನೆಯದಕ್ಕೆ ಇಳಿಯುತ್ತದೆ. ಹೀಗಾಗಿ ಚಿಕ್ಕ ಮಕ್ಕಳಲ್ಲಿ ಪೆಟ್ಟು ಮೇಲ್ಗತ್ತಿಗೆ ಬೀಳುವುದು ಹೆಚ್ಚು. 1960ರಲ್ಲಿ ಪ್ರಕಟವಾದ ಲೆವೆಂಥಾಲ್ ಅವರ ಅಧ್ಯಯನವೊಂದನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ: ನವಜಾತ ಶಿಶುವಿನ ಬೆನ್ನುಮೂಳೆಯ ಕಂಬ ತುಂಡಾಗದೆ ಸುಮಾರು 5 ಸೆಂ.ಮೀ. ಹಿಗ್ಗಬಲ್ಲದು, ಆದರೆ ಅದರೊಳಗಿನ ಬೆನ್ನುಹುರಿ ಸುಮಾರು 6 ಮಿ.ಮೀ. ಹಿಗ್ಗಿದರೆ ಹರಿಯುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಮಕ್ಕಳ ಬೆನ್ನುಹುರಿಯ ಕಷ್ಟ. ಮೂಳೆ ಹಿಗ್ಗಿ, ಮರಳಿ ತನ್ನ ಜಾಗಕ್ಕೆ ಬಂದು ಕೂತಿರುತ್ತದೆ, ಎಕ್ಸ್‌ರೇಯಲ್ಲಿ ಎಲ್ಲವೂ ಸಾಲಾಗಿ ಕಾಣುತ್ತದೆ, ಮಗುವಿನ ಕಾಲು ಮಾತ್ರ ಏಳುವುದಿಲ್ಲ.

1982ರಲ್ಲಿ ಪ್ಯಾಂಗ್ ಮತ್ತು ವಿಲ್‌ಬರ್ಗರ್ ಎಂಬ ಇಬ್ಬರು ಶಸ್ತ್ರವೈದ್ಯರು ಎಕ್ಸ್‌ರೇಯಲ್ಲಿ ಏನೂ ಕಾಣದ ಈ ಬೆನ್ನುಹುರಿ ಗಾಯಕ್ಕೆ 'ಸೈವೋರಾ' ಎಂಬ ಹೆಸರು ಕೊಟ್ಟರು. ಅವರು ಗಮನಿಸಿದ ಇನ್ನೊಂದು ಸಂಗತಿ ಹೆಚ್ಚು ಆತಂಕದ್ದು. ಕೆಲವು ಮಕ್ಕಳಲ್ಲಿ ದೌರ್ಬಲ್ಯ ತಕ್ಷಣ ಕಾಣಿಸದೆ ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ಮೂರು ನಾಲ್ಕು ದಿನಗಳ ನಂತರ ಕಾಣಿಸಿಕೊಂಡಿತ್ತು. ನಮ್ಮ ಕರಾವಳಿಯಲ್ಲಿ ಮಕ್ಕಳಿಗೆ ಇಂಥ ಪೆಟ್ಟು ಬೀಳಲು ದಾರಿಗಳು ಸಾಕಷ್ಟಿವೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ಕೂಟರಿನ ಮುಂಭಾಗದಲ್ಲಿ, ಹ್ಯಾಂಡಲ್ ಹಿಡಿದು ನಿಂತ ಮಕ್ಕಳನ್ನು ನಾವು ದಿನವೂ ನೋಡುತ್ತೇವೆ. ಬೇಸಿಗೆ ರಜೆಯಲ್ಲಿ ಗೇರುಮರ, ಮಾವಿನ ಮರ, ಮಳೆಗಾಲದಲ್ಲಿ ಪಾಚಿ ಹಿಡಿದ ಬಾವಿಕಟ್ಟೆ ಮತ್ತು ಅಂಗಳದ ಮೆಟ್ಟಿಲು. ಬಿದ್ದ ಮಗುವನ್ನು ಎತ್ತಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಓಡುವವರಿಗೆ ಅಲ್ಲಿ ಸಿಗುವ ಮೊದಲ ಸಮಾಧಾನ 'ಮೂಳೆಗೆ ಏನೂ ಆಗಿಲ್ಲ' ಎಂಬುದು. ದೊಡ್ಡವರ ವಿಷಯದಲ್ಲಿ ಈ ಮಾತಿಗೆ ತೂಕವಿದೆ. ಮಕ್ಕಳ ವಿಷಯದಲ್ಲಿ, ಅದರಲ್ಲೂ ಕತ್ತು ನೋವು, ಕೈಕಾಲು ಜುಮುಗುಡುವುದು, ಕ್ಷಣಕಾಲ ಕೈಕಾಲು ಸೋತು ಮತ್ತೆ ಸರಿಹೋದದ್ದು ಇವುಗಳಲ್ಲಿ ಯಾವುದೊಂದು ನಡೆದಿದ್ದರೂ, ಎಕ್ಸ್‌ರೇ ಸರಿ ಇದೆ ಎಂಬುದನ್ನು ಕೊನೆಯ ಮಾತಾಗಿ ತೆಗೆದುಕೊಳ್ಳಬಾರದು.

ಎಂಆರ್‌ಐ ಬಂದ ಮೇಲೆ ಈ ಕತ್ತಲೆ ಬಹುಮಟ್ಟಿಗೆ ಹರಿಯಿತು. ಎಕ್ಸ್‌ರೇ ಮತ್ತು ಸಿಟಿ ಮೂಳೆಯನ್ನು ಚೆನ್ನಾಗಿ ತೋರಿಸುತ್ತವೆ. ಎಂಆರ್‌ಐ ದೇಹದ ನೀರಿನಲ್ಲಿರುವ ಹೈಡ್ರೋಜನ್‌ನ ಸಂಕೇತವನ್ನು ಹಿಡಿಯುವುದರಿಂದ ಹುರಿಯನ್ನೇ ತೋರಿಸುತ್ತದೆ, ವಿಕಿರಣದ ಭಯವೂ ಇಲ್ಲ. 'ಟಿ2' ಎಂಬ ಬಗೆಯ ಚಿತ್ರದಲ್ಲಿ ಊತ ಬೆಳ್ಳಗೆ ಹೊಳೆಯುತ್ತದೆ, ರಕ್ತಸ್ರಾವವಾಗಿದ್ದರೆ ಅದರ ನಡುವೆ ಕಪ್ಪು ಕಾಣುತ್ತದೆ, ಹರಿದ ಕಟ್ಟುಗಳೂ ಗೋಚರಿಸುತ್ತವೆ. ಪ್ಯಾಂಗ್ ಅವರೇ 2004ರಲ್ಲಿ ತಮ್ಮ ಎರಡು ದಶಕಗಳ ಅನುಭವವನ್ನು ಬರೆದಾಗ ಹುರಿಯ ಎಂಆರ್‌ಐ ನೋಟವನ್ನು ಐದು ಬಗೆಯಾಗಿ ವಿಂಗಡಿಸಿದರು: ಪೂರ್ತಿ ತುಂಡಾದದ್ದು, ಹೆಚ್ಚು ರಕ್ತಸ್ರಾವ, ಕಡಿಮೆ ರಕ್ತಸ್ರಾವ, ಬರೀ ಊತ, ಮತ್ತು ಸಹಜ. ಮೊದಲೆರಡರಲ್ಲಿ ಚೇತರಿಕೆಯ ಆಸೆ ತೀರಾ ಕಡಿಮೆ, ಕೊನೆಯ ಎರಡರಲ್ಲಿ ಬಹಳ ಹೆಚ್ಚು. ನನಗೆ ಕೇಳಿದರೆ, ಇಡೀ ಮಕ್ಕಳ ಬೆನ್ನುಹುರಿ ಚಿತ್ರಣದಲ್ಲಿ ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಈವರೆಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವ ಜ್ಞಾನ ಇದೇ, ಮತ್ತು ಇದಕ್ಕೆ ಯಾವ ಅತ್ಯಾಧುನಿಕ ತಂತ್ರವೂ ಬೇಕಿಲ್ಲ. ಆದರೆ ನಡುವಿನ ಬಗೆಯ ಮಕ್ಕಳ ಬಗ್ಗೆ ಇದು ತಬ್ಬಿಬ್ಬಾಗಿ ನಿಲ್ಲುತ್ತದೆ. ಹೊಳೆಯುವ ಬಿಳಿ ಕಲೆಯೊಳಗೆ ನೀರು ತುಂಬಿಕೊಂಡಿದೆ ಎಂಬುದು ನಿಜ. ಆ ನೀರಿನ ನಡುವೆ ನರತಂತುಗಳು ಉಳಿದಿವೆಯೇ, ಉಳಿದಿದ್ದರೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಎರಡು ಮಕ್ಕಳ ಚಿತ್ರಗಳು ನೋಡಲು ಒಂದೇ ತೆರನಾಗಿದ್ದು, ವರ್ಷದ ನಂತರ ಒಬ್ಬ ಕಾಲಿಗೆ ಆಧಾರದ ಕ್ಯಾಲಿಪರ್ ಹಾಕಿಕೊಂಡು ನಡೆಯುವುದು, ಇನ್ನೊಬ್ಬ ಕುರ್ಚಿಯಲ್ಲೇ ಉಳಿಯುವುದು ನಮಗೆ ಹೊಸತಲ್ಲ.

ಇಲ್ಲಿಂದ ಮುಂದಕ್ಕೆ ಹೋಗಲು ಯತ್ನಿಸುವ ತಂತ್ರಗಳಲ್ಲಿ ಮುಖ್ಯವಾದದ್ದು ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್, ಚಿಕ್ಕದಾಗಿ ಡಿಟಿಐ. 1994ರಲ್ಲಿ ಪೀಟರ್ ಬ್ಯಾಸರ್, ಜೇಮ್ಸ್ ಮ್ಯಾಟಿಯೆಲ್ಲೋ ಮತ್ತು ಡೆನಿಸ್ ಲೆ ಬಿಹಾನ್ ಇದರ ಗಣಿತವನ್ನು ಮುಂದಿಟ್ಟರು. ಇದು ಅಳೆಯುವುದು ನೀರಿನ ಅಣುಗಳ ಅಲೆದಾಟವನ್ನು. ಸ್ಕ್ಯಾನಿನಲ್ಲಿ ಪ್ರತಿ ಅಳತೆಗೆ ಸಿಗುವ ಹತ್ತಾರು ಮಿಲಿಸೆಕೆಂಡುಗಳಲ್ಲಿ ಒಂದು ಅಣು ಸರಿಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದೂರ ಸಾಗುತ್ತದೆ, ಅಂದರೆ ನರತಂತುಗಳ ದಪ್ಪಕ್ಕೆ ಹೋಲಿಸಬಹುದಾದಷ್ಟು ದೂರ. ಅಡಿಕೆ ತೋಟದ ಕಣಿಯಲ್ಲಿ ನೀರು ಕಣಿಯುದ್ದಕ್ಕೆ ಓಡುತ್ತದೆ, ದಂಡೆ ಒಡೆದರೆ ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ಮಯಲಿನ್ ಹೊದಿಕೆಯ ನರತಂತುಗಳ ಕಟ್ಟಿನಲ್ಲಿಯೂ ನೀರು ತಂತುವಿನ ಉದ್ದಕ್ಕೆ ಸಲೀಸಾಗಿ, ಅಡ್ಡಕ್ಕೆ ಕಷ್ಟಪಟ್ಟು ಚಲಿಸುತ್ತದೆ, ತಂತುಗಳ ಪೊರೆ ಹಾಳಾದಾಗ ಆ ವ್ಯತ್ಯಾಸ ಕುಗ್ಗುತ್ತದೆ. ಕನಿಷ್ಠ ಆರು ಬೇರೆ ಬೇರೆ ದಿಕ್ಕುಗಳಲ್ಲಿ ಈ ಅಲೆದಾಟವನ್ನು ಅಳೆದರೆ ಅದರ ಪೂರ್ಣ ರೂಪವನ್ನು ಲೆಕ್ಕ ಹಾಕಬಹುದು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ದಿಕ್ಕುಗಳನ್ನು ಬಳಸುತ್ತಾರೆ. ಲೆಕ್ಕದಿಂದ ಹೊರಬರುವ ಅಂಕಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಫ್‌ಎ, ಅಂದರೆ ಅಲೆದಾಟ ಎಷ್ಟರಮಟ್ಟಿಗೆ ಒಂದೇ ದಿಕ್ಕಿಗೆ ಕಟ್ಟುಬಿದ್ದಿದೆ ಎಂಬುದರ ಅಳತೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಸೊನ್ನೆ, ಒಂದೇ ದಿಕ್ಕಿಗೆ ಸೀಮಿತವಾದರೆ ಒಂದು. ಅದರ ಜೊತೆಗೆ ಒಟ್ಟಾರೆ ಅಲೆದಾಟದ ಸರಾಸರಿಯನ್ನೂ ವರದಿ ಮಾಡುತ್ತಾರೆ.

ದಿಕ್ಕನ್ನು ಬಣ್ಣದಲ್ಲಿ ತೋರಿಸುವ ರೂಢಿಯೂ ಇದೆ. ಎಡಬಲಕ್ಕೆ ಕೆಂಪು, ಹಿಂದುಮುಂದಕ್ಕೆ ಹಸಿರು, ತಲೆಯಿಂದ ಕಾಲಿನ ಕಡೆಗೆ ನೀಲಿ. ಬೆನ್ನುಹುರಿಯ ತಂತುಗಳು ಬಹುಪಾಲು ಮೇಲಿನಿಂದ ಕೆಳಗೆ ಓಡುವುದರಿಂದ ಆರೋಗ್ಯವಂತ ಹುರಿ ನೀಲಿಯಾಗಿ ಕಾಣುತ್ತದೆ. ಬಣ್ಣದ ಮಾತು ಇಷ್ಟಕ್ಕೆ ಸಾಕು, ಅದರ ಅಪಾಯದ ಬಗ್ಗೆ ಮುಂದೆ ಹೇಳುತ್ತೇನೆ.

ಮಿದುಳಿನಲ್ಲಿ ಡಿಟಿಐ ಬೇಗನೆ ನೆಲೆಯೂರಿತು. ಬೆನ್ನುಹುರಿಯಲ್ಲಿ, ಅದರಲ್ಲೂ ಮಕ್ಕಳಲ್ಲಿ, ಅದು ಏಗುತ್ತಲೇ ಬಂದಿದೆ. ವಯಸ್ಕರ ಕತ್ತಿನಲ್ಲಿಯೇ ಹುರಿ ಹಿಂದುಮುಂದಿಗೆ ಸುಮಾರು 8 ಮಿ.ಮೀ. ದಪ್ಪವಿರುತ್ತದೆ, ಮಗುವಿನಲ್ಲಿ ಇನ್ನೂ ಸಣ್ಣದು. ಚಿತ್ರದ ಒಂದೊಂದು ಚುಕ್ಕಿಯ ಅಗಲ ಸುಮಾರು 1 ಮಿ.ಮೀ. ಎಂದಿಟ್ಟುಕೊಂಡರೆ, ಹುರಿಯ ಅಡ್ಡಗಲಕ್ಕೆ ಬೀಳುವುದು ಬೆರಳೆಣಿಕೆಯ ಚುಕ್ಕಿಗಳು. ಅದರಲ್ಲಿ ಅಂಚಿನ ಚುಕ್ಕಿಗಳು ಅರ್ಧ ಹುರಿ, ಅರ್ಧ ಸುತ್ತಲಿನ ದ್ರವ. ದ್ರವದಲ್ಲಿ ನೀರು ಎಲ್ಲ ದಿಕ್ಕಿಗೂ ಚಲಿಸುವುದರಿಂದ ಅಲ್ಲಿ ಎಫ್‌ಎ ತಾನಾಗಿಯೇ ಕುಸಿಯುತ್ತದೆ, ಗಾಯವಾಗಿರಲಿ ಆಗದಿರಲಿ. ಆ ದ್ರವ ಸುಮ್ಮನೆ ನಿಂತಿರುವುದೂ ಇಲ್ಲ, ಪ್ರತಿ ಎದೆಬಡಿತಕ್ಕೂ ಮಿಡಿಯುತ್ತದೆ, ಅದರೊಂದಿಗೆ ಹುರಿಯೂ ತುಸು ಕದಲುತ್ತದೆ. ಉಸಿರಾಟ, ಎಂಜಲು ನುಂಗುವುದು, ಎದೆಗೂಡಿನೊಳಗಿನ ಗಾಳಿ ಎಲ್ಲವೂ ಚಿತ್ರವನ್ನು ಕೆಡಿಸುತ್ತವೆ. ಡಿಟಿಐಗೆ ಬಳಸುವ ಅತಿವೇಗದ ಚಿತ್ರಣ ವಿಧಾನ 1977ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ರೂಪಿಸಿದ್ದು. ಎಂಆರ್‌ಐಗಾಗಿ 2003ರ ನೊಬೆಲ್ ಅನ್ನು ಪಾಲ್ ಲಾಟರ್ಬರ್ ಜೊತೆ ಹಂಚಿಕೊಂಡವರು ಅವರೇ. ಆ ವಿಧಾನ ಎಷ್ಟು ವೇಗದ್ದೋ ಅಷ್ಟೇ ನಾಜೂಕಿನದು. ಮೂಳೆ, ಗಾಳಿ, ಮಾಂಸಗಳು ಕೂಡುವ ಕಡೆ ಕಾಂತಕ್ಷೇತ್ರ ಏರುಪೇರಾಗುವುದರಿಂದ ಹುರಿಯ ಚಿತ್ರ ಸೊಟ್ಟಗಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ರಾಡು, ಸ್ಕ್ರೂಗಳಿದ್ದರಂತೂ ಸುತ್ತಲಿನ ಭಾಗ ಗುರುತು ಸಿಗದಂತಾಗುತ್ತದೆ. ಫಿಲಡೆಲ್ಫಿಯಾದ ತಂಡ ಇದಕ್ಕೆ ಕಂಡುಕೊಂಡ ದಾರಿ, ಇಡೀ ಕತ್ತಿನ ಬದಲು ಹುರಿ ಇರುವ ಚಿಕ್ಕ ಕಿಟಕಿಯನ್ನಷ್ಟೇ ಪ್ರಚೋದಿಸಿ ಅಷ್ಟನ್ನೇ ಚಿತ್ರಿಸುವುದು. ಕಿಟಕಿ ಸಣ್ಣದಾದಷ್ಟೂ ಸೊಟ್ಟ ಕಡಿಮೆ. 2011ರಲ್ಲಿ 1.5 ಟೆಸ್ಲಾ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಯಂತ್ರದಲ್ಲಿ ಮಕ್ಕಳ ಹುರಿಯ ಮೇಲೆ ಈ ವಿಧಾನದ ಆರಂಭಿಕ ಫಲಿತಾಂಶಗಳನ್ನು ಅವರು ಪ್ರಕಟಿಸಿದರು. 1.5 ಟೆಸ್ಲಾ ಎಂಬ ಅಂಶ ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಅದು ಜಿಲ್ಲಾ ಮಟ್ಟದ ಊರುಗಳಲ್ಲೂ ಇರುವ ಯಂತ್ರ.

ಯಂತ್ರ ಇದ್ದರೆ ಸಾಲದು, ಮಗು ಅಲುಗಾಡದೆ ಮಲಗಬೇಕು. ನಾನು ಜೊತೆಯಲ್ಲಿ ಹೋದ ಸಂದರ್ಭಗಳಲ್ಲಿ ಸ್ಕ್ಯಾನಿಗಿಂತ ಅದರ ಹಿಂದಿನ ಅರ್ಧ ಗಂಟೆಯೇ ಹೆಚ್ಚು ನೆನಪಿದೆ. ಬಾಗಿಲ ಹೊರಗೆ ತಂತ್ರಜ್ಞರು ಮಗುವಿನ ಮೈಮೇಲಿರುವುದನ್ನೆಲ್ಲ ಒಂದೊಂದಾಗಿ ತೆಗೆಸುತ್ತಾರೆ. ಕಾಲ್ಗೆಜ್ಜೆ, ಕಿವಿಯ ರಿಂಗು ಸುಲಭ. ಸೊಂಟದ ಉಡಿದಾರದಲ್ಲಿ ಪೋಣಿಸಿದ ಬೆಳ್ಳಿಯ ಮಣಿ, ತೋಳಿನ ತಾಯಿತ, ಯಾವುದೋ ಹರಕೆಯ ಕಬ್ಬಿಣದ ಬಳೆ ಕಷ್ಟ. ತಾಯಿತದ ಕೊಳವೆಯೊಳಗೆ ಏನಿದೆಯೆಂದು ಕಟ್ಟಿದವರಿಗೂ ಗೊತ್ತಿರುವುದಿಲ್ಲ. ಅಜ್ಜಿ ಒಪ್ಪುವುದಿಲ್ಲ, ಇಂಥ ಹೊತ್ತಿನಲ್ಲೇ ಅದು ಮೈಮೇಲಿರಬೇಕು ಎಂಬುದು ಅವರ ವಾದ, ಮತ್ತು ಅವರ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ. ಅನುಭವಿ ತಂತ್ರಜ್ಞರು ಜಗಳವಾಡದೆ, ತಾಯಿತವನ್ನು ಅಜ್ಜಿಯ ಕೈಯಲ್ಲೇ ಬಿಚ್ಚಿಸಿ, ಅವರ ಮುಷ್ಟಿಯಲ್ಲೇ ಹಿಡಿದುಕೊಂಡಿರಲು ಹೇಳುತ್ತಾರೆ. ಎಲ್ಲಕ್ಕಿಂತ ಕೊನೆಗೆ ಸಿಗುವುದು ಅಂಗಿಯ ಒಳಮಡಿಕೆಯಲ್ಲಿ ಸಿಕ್ಕಿಸಿದ ಸೇಫ್ಟಿ ಪಿನ್ನು. ಸ್ಪರ್ಶ ಪರೀಕ್ಷೆಯ ಆ ಪುಟ್ಟ ಸಲಕರಣೆ ಕಾಂತದ ಕೋಣೆಯಲ್ಲಿ ಹಾರುವ ಅಸ್ತ್ರ. ಆಮೇಲೆ ಕಿವಿಗೆ ಹತ್ತಿ ಅಥವಾ ಸ್ಪಂಜು, ಅದರ ಮೇಲೆ ಹೆಡ್‌ಫೋನು. ಯಂತ್ರದ ಸದ್ದು 100 ಡೆಸಿಬಲ್ ದಾಟುತ್ತದೆ, ಡಿಟಿಐ ಭಾಗದಲ್ಲಿ ಅದು ಮೇಜನ್ನೇ ನಡುಗಿಸುವ ಗಡಗಡ ಸದ್ದಾಗುತ್ತದೆ.

ತಿಂಗಳ ಕೂಸುಗಳಿಗೆ ಹೊಟ್ಟೆ ತುಂಬ ಹಾಲೂಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಹತ್ತಿದ ಮೇಲೆ ಒಳಗಿಟ್ಟರೆ ಎಷ್ಟೋ ಬಾರಿ ಔಷಧಿಯಿಲ್ಲದೆ ಕೆಲಸವಾಗುತ್ತದೆ. ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಮೊದಲೇ ಸದ್ದು ಕೇಳಿಸಿ, ಆಟಿಕೆಯ ಸುರಂಗದಲ್ಲಿ ಮಲಗಿಸಿ ಅಭ್ಯಾಸ ಮಾಡಿಸಬಹುದು. ನಡುವಿನ ವಯಸ್ಸಿನವರಿಗೆ, ಅಂದರೆ ಪಿನ್ನಿನ ಪರೀಕ್ಷೆ ನಂಬಲಾಗದ ಆ ವಯಸ್ಸಿನವರಿಗೇ, ಬಹುತೇಕ ಅರಿವಳಿಕೆ ಬೇಕು. ಅರಿವಳಿಕೆ ಇಂದು ಸುರಕ್ಷಿತವಾಗಿದೆ ಎಂಬುದು ನಿಜವಾದರೂ, ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪದೇ ಪದೇ ಅಥವಾ ಮೂರು ಗಂಟೆಗಿಂತ ಹೆಚ್ಚು ಕಾಲ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿದ್ದು ಸುಮ್ಮನೆ ಅಲ್ಲ. ಒಂದು ಸ್ಕ್ಯಾನ್ ಮೂರು ಗಂಟೆ ಹಿಡಿಯುವುದಿಲ್ಲ, ಆದರೆ ಗಾಯಗೊಂಡ ಮಗುವಿಗೆ ಶಸ್ತ್ರಚಿಕಿತ್ಸೆ, ಮತ್ತೆ ಸ್ಕ್ಯಾನ್, ಮತ್ತೆ ಇನ್ನೊಂದು ಎಂದು ಇವು ಕೂಡುತ್ತಾ ಹೋಗುತ್ತವೆ. ಮೇಲ್ಗತ್ತಿಗೆ ಪೆಟ್ಟಾಗಿ ಉಸಿರಾಟವೇ ದುರ್ಬಲವಾಗಿರುವ ಮಗುವಿನಲ್ಲಿ ಇನ್ನೂ ಜಾಗ್ರತೆ ಬೇಕು.

ಇಷ್ಟೆಲ್ಲ ಮಾಡಿ ಒಂದು ಎಫ್‌ಎ ಅಂಕಿ ಸಿಕ್ಕಿತೆನ್ನಿ. ಅದನ್ನು ಯಾವುದಕ್ಕೆ ಹೋಲಿಸುವುದು? ಮೂರು ವರ್ಷದ ಮಗುವಿನ ನರತಂತುಗಳಿಗೆ ಮಯಲಿನ್ ಹೊದಿಕೆ ಇನ್ನೂ ಬೆಳೆಯುತ್ತಿರುತ್ತದೆ, ಹಾಗಾಗಿ ಎಫ್‌ಎ ವಯಸ್ಸಿನೊಂದಿಗೆ ಏರುತ್ತದೆ. ಆರೋಗ್ಯವಂತ ಮೂರು ವರ್ಷದವನ ಅಂಕಿಯನ್ನು ಹದಿನೈದರವನ ಅಂಕಿಯ ಪಕ್ಕದಲ್ಲಿಟ್ಟರೆ ಚಿಕ್ಕವನಿಗೆ ಗಾಯವಾದಂತೆ ಕಾಣಬಹುದು. ಕತ್ತಿನ ಮಟ್ಟದ ಅಂಕಿ ಬೇರೆ, ಎದೆಯ ಮಟ್ಟದ್ದು ಬೇರೆ. ಯಂತ್ರ ಬದಲಾದರೆ, ಕಾಂತದ ಬಲ ಬದಲಾದರೆ, ಸ್ಕ್ಯಾನಿನ ಹೊಂದಾಣಿಕೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸಂಶೋಧಕರು ಉಚಿತವಾಗಿ ಬಳಸುವ 'ಸ್ಪೈನಲ್ ಕಾರ್ಡ್ ಟೂಲ್‌ಬಾಕ್ಸ್' ಎಂಬ ತಂತ್ರಾಂಶ ಬಹಳ ಒಳ್ಳೆಯದು, ಆದರೆ ಅದರೊಂದಿಗೆ ಬರುವ 'ಪ್ಯಾಮ್50' ಎಂಬ ಮಾದರಿ ಹುರಿ ವಯಸ್ಕರ ಚಿತ್ರಗಳಿಂದ ಕಟ್ಟಿದ್ದು. ಮಕ್ಕಳಿಗೆ ಬೇರೆಯೇ ಮಾದರಿ, ವಯಸ್ಸಿಗೆ ತಕ್ಕ ಬೇರೆಯೇ ಕೋಷ್ಟಕ ಬೇಕು. ಅದಕ್ಕಾಗಿ ಆರೋಗ್ಯವಂತ ಮಕ್ಕಳನ್ನು ಸ್ಕ್ಯಾನ್ ಮಾಡಬೇಕು, ಅವರಿಗೆ ಅರಿವಳಿಕೆ ಕೊಡುವುದು ನ್ಯಾಯವಲ್ಲ. ಆದ್ದರಿಂದ ಎಚ್ಚರವಾಗಿಯೇ ಅಲುಗಾಡದೆ ಮಲಗಬಲ್ಲ ಮಕ್ಕಳ ಅಂಕಿಗಳು ಸುಲಭವಾಗಿ ಕೂಡುತ್ತವೆ, ನಮಗೆ ಅತ್ಯಗತ್ಯವಾದ ಎಳೆಯ ವಯಸ್ಸಿನವರ ಅಂಕಿಗಳೇ ಕೊರತೆಯಾಗುತ್ತವೆ. ಈ ಗಂಟನ್ನು ಯಾವ ಹೊಸ ಯಂತ್ರವೂ ಬಿಡಿಸಲಾರದು.

ಈಗ ಬಣ್ಣದ ಅಪಾಯಕ್ಕೆ ಬರುತ್ತೇನೆ. ಡಿಟಿಐ ಅಂಕಿಗಳಿಂದ ತಂತುಗಳ ಹಾದಿಯನ್ನು ಗಣಕದಲ್ಲಿ ಎಳೆಎಳೆಯಾಗಿ ಬರೆಸಬಹುದು, ಅದಕ್ಕೆ ಟ್ರ್ಯಾಕ್ಟೋಗ್ರಫಿ ಎನ್ನುತ್ತಾರೆ. ಒಮ್ಮೆ ಒಬ್ಬ ತಂದೆ ದೂರದ ಊರಿನಲ್ಲಿ ಮಾಡಿಸಿದ ಇಂಥ ಚಿತ್ರವನ್ನು ವಾಟ್ಸಾಪಿನಲ್ಲಿ ತೆರೆದು ನನ್ನ ಮುಂದೆ ಹಿಡಿದರು. ಕಪ್ಪು ಹಿನ್ನೆಲೆಯಲ್ಲಿ ನೀಲಿ ಎಳೆಗಳು ಮೇಲಿನಿಂದ ಇಳಿದು ಬಂದು ಎದೆಯ ನಡುಮಟ್ಟದಲ್ಲಿ ಥಟ್ಟನೆ ನಿಂತಿದ್ದವು, ಒಂದು ಬೆರಳಗಲ ಖಾಲಿ ಬಿಟ್ಟು ಮತ್ತೆ ಶುರುವಾಗಿದ್ದವು. 'ನರ ಪೂರ್ತಿ ಕಟ್ ಆಗಿದೆ ಅಲ್ಲವಾ ಮೇಡಂ, ಇನ್ನು ವ್ಯಾಯಾಮ ಮಾಡಿಸಿ ಏನು ಪ್ರಯೋಜನ?' ಎಂದು ಕೇಳಿದರು. ಆ ಖಾಲಿ ಜಾಗ ನರ ಕತ್ತರಿಸಿದ ಜಾಗವಲ್ಲ. ಎಫ್‌ಎ ಒಂದು ಮಿತಿಗಿಂತ ಕೆಳಗಿಳಿದರೆ ಎಳೆ ಬರೆಯುವುದನ್ನು ನಿಲ್ಲಿಸು ಎಂದು ತಂತ್ರಾಂಶಕ್ಕೆ ಹೇಳಿರುತ್ತಾರೆ. ಊತವಿದ್ದರೂ, ಚಿತ್ರ ಸೊಟ್ಟಗಾಗಿದ್ದರೂ, ಮಗು ಕದಲಿದ್ದರೂ, ಹತ್ತಿರದಲ್ಲಿ ಸ್ಕ್ರೂ ಇದ್ದರೂ ಎಳೆ ನಿಲ್ಲುತ್ತದೆ. ಮಿತಿಯನ್ನು ತುಸು ಇಳಿಸಿದರೆ ಅದೇ ಮಗುವಿನ ಅದೇ ದತ್ತಾಂಶದಿಂದ ಎಳೆಗಳು ಕೂಡಿಕೊಂಡ ಚಿತ್ರವೂ ಬಂದೀತು, ಅದನ್ನು ನೋಡಿ ಅದೇ ತಂದೆ ಮಗಳು ಇನ್ನೇನು ಎದ್ದು ನಡೆಯುತ್ತಾಳೆ ಎಂದುಕೊಂಡಾರು. ಇದನ್ನು ಅವರಿಗೆ ಒಪ್ಪಿಸಲು ನನಗೆ ಬಹಳ ಹೊತ್ತು ಹಿಡಿಯಿತು, ಪೂರ್ತಿ ಒಪ್ಪಿದರೆಂದು ಹೇಳಲಾರೆ. ಟ್ರ್ಯಾಕ್ಟೋಗ್ರಫಿ ಚಿತ್ರಗಳು ಪ್ರಬಂಧಗಳಲ್ಲಿ, ಶಸ್ತ್ರವೈದ್ಯರ ಚರ್ಚೆಯಲ್ಲಿ ಇರಲಿ, ವಿವರಣೆಯಿಲ್ಲದೆ ಮನೆಯವರ ಕೈಗೆ ಹೋಗಬಾರದು ಎಂಬುದು ಅಂದಿನಿಂದ ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಡಿಟಿಐ ಟೊಳ್ಳು ಎಂದು ನಾನು ಹೇಳುತ್ತಿಲ್ಲ. ಗಾಯಗೊಂಡ ಮಕ್ಕಳ ಗುಂಪನ್ನು ಆರೋಗ್ಯವಂತರ ಗುಂಪಿನೊಂದಿಗೆ ಹೋಲಿಸಿದಾಗ ಗಾಯದ ಮಟ್ಟದಲ್ಲಿ ಎಫ್‌ಎ ಕಡಿಮೆಯಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಅದಕ್ಕಿಂತ ಕುತೂಹಲದ ವಿಷಯವೆಂದರೆ, ಸಾಮಾನ್ಯ ಎಂಆರ್‌ಐಯಲ್ಲಿ ಸಹಜವಾಗಿ ಕಾಣುವ, ಗಾಯದಿಂದ ದೂರದ ಭಾಗಗಳಲ್ಲೂ ವ್ಯತ್ಯಾಸ ಸಿಗುತ್ತದೆ. ಇದಕ್ಕೆ ಕಾರಣ ಹಳೆಯದೇ. ತುಂಡಾದ ತಂತು ತನ್ನ ಜೀವಕೋಶದಿಂದ ಬೇರ್ಪಟ್ಟ ಕಡೆಗೆ ಕ್ರಮೇಣ ಕ್ಷಯಿಸುತ್ತದೆ, ಸ್ಪರ್ಶವನ್ನು ಮೇಲಕ್ಕೊಯ್ಯುವ ಹಿಂಬದಿಯ ತಂತುಗಳು ಗಾಯದ ಮೇಲ್ಭಾಗದಲ್ಲಿ, ಚಲನೆಯ ಆಜ್ಞೆಯನ್ನು ಕೆಳಗೊಯ್ಯುವ ತಂತುಗಳು ಗಾಯದ ಕೆಳಭಾಗದಲ್ಲಿ. ಪಿನ್ನಿನ ಪರೀಕ್ಷೆಯ ಅಂಕಗಳಿಗೂ ಎಫ್‌ಎಗೂ ಹೊಂದಾಣಿಕೆ ಇರುವುದನ್ನೂ ಅಧ್ಯಯನಗಳು ತೋರಿಸಿವೆ. ಆದರೆ ಇವೆಲ್ಲ ಗುಂಪಿನ ಮಾತು. ನನ್ನ ಮುಂದೆ ಮಲಗಿರುವ ಒಂದು ಮಗುವಿನ ಒಂದು ಅಂಕಿಯನ್ನು ನೋಡಿ ಅದು ನಡೆಯುತ್ತದೋ ಇಲ್ಲವೋ ಎಂದು ಹೇಳುವ ಹಂತ ಇನ್ನೂ ಬಂದಿಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಇನ್ನೊಂದು ಮಾತು: ಹೊಂದಾಣಿಕೆಯನ್ನು ಪರೀಕ್ಷಿಸುವುದೇ ಪಿನ್ನಿನ ಅಂಕಗಳ ಎದುರು. ಆ ಅಂಕಗಳೇ ಅಲುಗಾಡುವ ವಯಸ್ಸಿನಲ್ಲಿ ಡಿಟಿಐ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಉಳಿದಿರುವ ದಾರಿ ಒಂದೇ, ಆ ಮಗುವನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗುವುದು.

ಪೆಟ್ಟಿನಿಂದಲ್ಲದೆ ಬೆನ್ನುಹುರಿ ಕೆಡುವ ಮಕ್ಕಳೂ ನಮ್ಮಲ್ಲಿ ಕಡಿಮೆಯಿಲ್ಲ: ಕ್ಷಯ ತಗುಲಿದ ಕಶೇರು ಕುಸಿದು ಹುರಿಯನ್ನು ಅಮುಕಿದವರು, ಜ್ವರದ ಬೆನ್ನಿಗೆ ಹುರಿಯ ಉರಿಯೂತವಾದವರು, ಹುಟ್ಟಿನಿಂದಲೇ ಹುರಿಯ ತುದಿ ಕೆಳಗೆ ಅಂಟಿಕೊಂಡವರು. ಇವರಲ್ಲಿ ಚಿಕಿತ್ಸೆ ತೊಡಗಿದ ಮೇಲೆ ಹುರಿ ಎಷ್ಟು ಚೇತರಿಸಿತು ಎಂಬುದನ್ನು ಅದೇ ಮಗುವಿನ ಹಿಂದಿನ ಅಂಕಿಯೊಂದಿಗೆ ಹೋಲಿಸಬಹುದಾದ್ದರಿಂದ, ಕೋಷ್ಟಕದ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಡಿಟಿಐ ಮೊದಲು ಕೈಗೆ ಬರುವುದು ಇಂಥ ಕಡೆಯೇ ಇರಬಹುದು ಎಂದು ನನಗನಿಸುತ್ತದೆ.

ಮಂಗಳೂರು ಮತ್ತು ಉಡುಪಿಯ ನಡುವಿನ ಈ ಅರವತ್ತು ಕಿಲೋಮೀಟರ್ ಪಟ್ಟಿಯಲ್ಲಿ ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಇರುವಷ್ಟು ದಟ್ಟವಾಗಿ ರಾಜ್ಯದ ಬೇರೆ ಕಡೆ ಸಿಗುವುದು ಅಪರೂಪ. ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧಾಲಯ ತೆರೆದಂದಿನಿಂದ, ಡಾ. ಟಿ. ಎಂ. ಎ. ಪೈ 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದಂದಿನಿಂದ ಬೆಳೆದು ಬಂದ ದಟ್ಟಣೆ ಇದು. ಉತ್ತರ ಕನ್ನಡದಿಂದ, ಕಾಸರಗೋಡಿನಿಂದ, ಮಲೆನಾಡಿನಿಂದ ಮಕ್ಕಳು ಇಲ್ಲಿಗೇ ಬರುತ್ತಾರೆ. ವಯಸ್ಸಿಗೆ ತಕ್ಕ ಕೋಷ್ಟಕವೊಂದನ್ನು ನಮ್ಮ ಮಕ್ಕಳಿಂದಲೇ, ನಮ್ಮ ಯಂತ್ರಗಳಲ್ಲೇ ಕಟ್ಟಲು ಬೇಕಾದ ಕೈಗಳು ಇಲ್ಲಿವೆ. ಅದಕ್ಕೆ ಯಾರನ್ನೂ ಹೊಸದಾಗಿ ಮಲಗಿಸಬೇಕಾಗಿಲ್ಲ. ಬೇರೆ ಕಾರಣಕ್ಕೆ, ಅಪಸ್ಮಾರಕ್ಕೋ ತಲೆನೋವಿಗೋ, ಅರಿವಳಿಕೆಯಲ್ಲಿ ಮಿದುಳಿನ ಸ್ಕ್ಯಾನ್ ಆಗುತ್ತಿರುವ, ಬೆನ್ನುಹುರಿ ಸಹಜವಾಗಿರುವ ಮಕ್ಕಳ ತಂದೆತಾಯಿ ಒಪ್ಪಿದರೆ, ನೈತಿಕ ಸಮಿತಿಯ ಅನುಮತಿಯೊಂದಿಗೆ, ಕತ್ತಿನ ಹುರಿಯ ಡಿಟಿಐಗೆ ಕೆಲವು ನಿಮಿಷ ಸೇರಿಸಬಹುದು. ಪೆಟ್ಟಾದ ಮಗುವಿನ ವಿಷಯದಲ್ಲೂ ನನ್ನ ನಿಲುವು ಇದೇ: ಬರೀ ಡಿಟಿಐಗೆಂದು ಅರಿವಳಿಕೆ ಬೇಡ, ಹೇಗೂ ಎಂಆರ್‌ಐಗೆ ಮಲಗಿಸಿದ್ದರೆ ಮೊದಲು ಊತ, ರಕ್ತಸ್ರಾವ, ಕಟ್ಟುಗಳ ಚಿತ್ರ ಚೊಕ್ಕವಾಗಿ ಮುಗಿಯಲಿ, ಸಮಯ ಉಳಿದರೆ ಇದೂ ಆಗಲಿ, ಅಂಕಿಯ ಪಕ್ಕದಲ್ಲಿ ಮಗುವಿನ ವಯಸ್ಸು, ಯಂತ್ರದ ಹೆಸರು, ಅಳೆದ ಮಟ್ಟ ಮೂರೂ ಬರೆದಿರಲಿ. ಆರು ತಿಂಗಳ ನಂತರ ಆ ಮಗು ನನ್ನ ಚಾಪೆಯ ಮೇಲೆ ಮೊಣಕಾಲೂರಿ ನಿಲ್ಲಲು ಯತ್ನಿಸುವಾಗ ಫೈಲಿನಲ್ಲಿ ಹಿಂದಕ್ಕೆ ತಿರುವಿ ನೋಡಲು ನನಗೆ ಬೇಕಾಗುವುದು ಆ ಒಂದು ಸಾಲು.